ಹಗ್ಗದ ಮೂರನೆಯ ಸುತ್ತು

ಮಾಗಿಯ ಚಳಿ, ಬೆಳಗಿನ ಆರು ಗಂಟೆ. ಶಿಶುವಿಹಾರದ ಅಂಗಳದಲ್ಲಿ ನೆಲ ಕೊರೆಯುವ ಯಂತ್ರ ಗುಡುಗುಡು ಎನ್ನುತ್ತಿದೆ. ಅದರ ಪಕ್ಕದಲ್ಲಿ ಹಗ್ಗ ಹಿಡಿದು ನಿಂತವರನ್ನು ಎಲ್ಲರೂ ಏಟಣ್ಣ ಎನ್ನುತ್ತಾರೆ. ನೆಲಕ್ಕಿಳಿದ ಕೊಳವೆಯ ಮೇಲೆ ಸುತ್ತಿಗೆ ಬೀಳಿಸಿ ಏಟು ಎಣಿಸುವುದು ಅವರ ಇಪ್ಪತ್ತಾರು ವರ್ಷದ ಕೆಲಸ.

ಬಾಗಿಲಲ್ಲಿ ಅವರ ಅಕ್ಕ ನಿಂತಿದ್ದಾರೆ. ಶಿಶುವಿಹಾರ ನಡೆಸುವವರು ಅವರೇ.

“ಹೋದ ತಿಂಗಳು ತೂತು ಹೊಡೆದದ್ದು ಸಾಲದೇನೋ? ನೆಲ ಗಟ್ಟಿ ಅಂತ ನೀನೇ ಹೇಳಿದ್ದೆ.”

“ಹೇಳಿದ್ದೆ ಅಕ್ಕ. ಆವತ್ತು ತಪ್ಪು ಮಾಡಿದೆ.”

“ನಿನ್ನ ಬಾಯಲ್ಲಿ ತಪ್ಪು ಅನ್ನೋ ಮಾತು ಬಂತಾ? ಗೋಡೆ ಮೇಲೆ ಬರೆದಿಡ್ತೀನಿ ಇರು.”

ಏಟಣ್ಣ ನಗುವುದಿಲ್ಲ.

ಭೂಮಿ ನಡುಗಿದರೆ ಊರಿನ ಯಾವ ನೆಲ ಕುಸಿದೀತು ಎಂದು ತೋರಿಸುವ ನಕ್ಷೆ ತಯಾರಾಗುತ್ತಿದೆ. ನೆಲ ಕುಸಿಯುವುದು ಹೇಗೆ ಎಂದು ಕೇಳಿದರೆ ಏಟಣ್ಣ ಬಕೆಟ್ಟಿನಲ್ಲಿ ಒದ್ದೆ ಮರಳು ತುಂಬಿ, ಮೇಲೊಂದು ಇಟ್ಟಿಗೆ ನಿಲ್ಲಿಸಿ, ಬಕೆಟ್ಟಿಗೆ ಪಟಪಟ ಬಡಿಯುತ್ತಾರೆ. ಇಟ್ಟಿಗೆ ವಾಲುತ್ತದೆ, ಮೆಲ್ಲಗೆ ಮುಳುಗುತ್ತದೆ. “ನೀರು ಕುಡಿದ ಮರಳು ನೋಡೋಕೆ ಗಟ್ಟಿ. ನಡುಗಿತೋ, ಕೆಸರು. ಮನೆಗಿನೆ ಎಲ್ಲ ಒಳಗೆ.”

ಸುತ್ತಿಗೆಯ ತೂಕ ಅರವತ್ತಮೂರೂವರೆ ಕಿಲೋ. ಕೊಳವೆಯ ಮೇಲೆ ಅರ್ಧ ಅಡಿಗೊಂದರಂತೆ ಸೀಮೆಸುಣ್ಣದ ಮೂರು ಗೆರೆ. ಮೊದಲ ಅರ್ಧ ಅಡಿ ಲೆಕ್ಕಕ್ಕಿಲ್ಲ. ಮುಂದಿನ ಒಂದಡಿ ಇಳಿಯಲು ಎಷ್ಟು ಏಟು ಬೇಕೋ ಅದೇ ನೆಲದ ಗಟ್ಟಿತನ. ದಿನಕ್ಕೆ ನಾನೂರು ಏಟಾದರೂ ಆಗುತ್ತದೆ. ಬಲಗಿವಿ ಮಂದವಾಗಿದೆ, ಭುಜ ಸವೆದಿದೆ.

ತಪ್ಪಾದದ್ದೂ ಆ ಭುಜದಿಂದಲೇ. ಯಂತ್ರದ ತಿರುಗುವ ಉರುಳೆಗೆ ಹಗ್ಗ ಎರಡೇ ಸುತ್ತು ಇರಬೇಕು. ಆವತ್ತು ನೋವು ತಾಳಲಾರದೆ ಮೂರನೆಯ ಸುತ್ತು ಹಾಕಿದರು. ಎತ್ತುವುದು ಹಗುರವಾಯಿತು, ಆದರೆ ಹಗ್ಗ ಹಿಡಿದಿಟ್ಟದ್ದರಿಂದ ಸುತ್ತಿಗೆ ಪೂರ್ತಿ ಜೋರಿನಿಂದ ಬೀಳಲಿಲ್ಲ, ಏಟು ಜಾಸ್ತಿ ಬೇಕಾಯಿತು. ನಾಲ್ಕು ಮೀಟರಿನ ಆಳದಲ್ಲಿ ಹದಿನೇಳು. ಸಡಿಲ ನೆಲ ಗಟ್ಟಿಯೆಂದು ದಾಖಲಾಯಿತು.

ಯಾರೂ ಕಂಡಿರಲಿಲ್ಲ. ನಕ್ಷೆ ಅಚ್ಚಿಗೆ ಹೋಗುವ ವಾರ ಏಟಣ್ಣನೇ ಅದರ ಹೊಣೆ ಹೊತ್ತ ಇಂಜಿನಿಯರ್ ಮೇಡಂ ಮುಂದೆ ನಿಂತರು. “ಮೇಡಂ, ಆ ಹದಿನೇಳು ನೆಲದ್ದಲ್ಲ. ನನ್ನ ಭುಜದ್ದು.”

ಈಗ ಮೇಡಂ ಉರುಳೆಯ ಪಕ್ಕದಲ್ಲೇ ನಿಂತು ಸುತ್ತು ನೋಡುತ್ತಾರೆ. ಎರಡು. “ಹದಿನೈದು ದಾಟಿದ್ರೆ ಪರವಾಗಿಲ್ಲ, ಇಲ್ಲಾಂದ್ರೆ ಈ ಕಟ್ಟಡದೊಳಗೆ ಮಕ್ಕಳನ್ನ ಇಟ್ಕೊಳ್ಳೋ ಹಾಗಿಲ್ಲ” ಎನ್ನುತ್ತಾರೆ. ಅಕ್ಕ ಸೆರಗು ಬಾಯಿಗೊತ್ತಿಕೊಳ್ಳುತ್ತಾರೆ.

ನಾಲ್ಕು ಮೀಟರು. ಮೊದಲ ಗೆರೆ ಮುಳುಗಿತು. ಒಂದು. ಎರಡು. ಏಟಣ್ಣನ ತುಟಿ ಮಾತ್ರ ಅಲ್ಲಾಡುತ್ತಿದೆ. ಏಳು. ಎರಡನೆಯ ಗೆರೆ ಆಗಲೇ ಮಣ್ಣಿನೊಳಗೆ. ಒಂಬತ್ತು. ಹತ್ತು. ಹನ್ನೊಂದಕ್ಕೆ ಕೊನೆಯ ಗೆರೆಯೂ ಕಾಣೆ.

ಹಗ್ಗ ಬಿಟ್ಟು ಅವರು ಅಕ್ಕನತ್ತ ತಿರುಗುತ್ತಾರೆ. “ಹನ್ನೊಂದು, ಅಕ್ಕ.”

“ನಿನಗೆ ಇನ್ನೊಂದು ನಾಲ್ಕೈದು ಎಣಿಸೋಕೆ ಬರ್ತಿರ್ಲಿಲ್ವೇನೋ?” ಅಕ್ಕನ ದನಿ ಒಡೆಯುತ್ತದೆ.

“ಬರ್ತಿತ್ತು. ಅದಕ್ಕೇ ಹೆದರಿಕೆ ಆಗಿದ್ದು.”

ಬೇರೆ ಕಟ್ಟಡ ಸಿಗಲು ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನವೂ ಅಕ್ಕ ತಮ್ಮನೊಂದಿಗೆ ಮಾತಾಡಲಿಲ್ಲ. ಮಕ್ಕಳನ್ನು ಅಂಗಳದ ಚಪ್ಪರದಡಿಯೇ ಕೂರಿಸಿದರು. ಹೊಸ ಕಟ್ಟಡಕ್ಕೆ ಹೊರಡುವ ದಿನ, ಸೋಮವಾರ ಬೆಳಗ್ಗೆ, ಗೇಟಿನಲ್ಲಿ ನಿಂತು ಒಂದೊಂದೇ ತಲೆ ಮುಟ್ಟಿ ಎಣಿಸಿ ಹೊರಗೆ ಕಳಿಸಿದರು. ಆಚೆ ಬದಿಯಲ್ಲಿ ಏಟಣ್ಣನೂ ಎಣಿಸುತ್ತಿದ್ದರು.

“ನಿಂದೆಷ್ಟು?” ಅಕ್ಕ ಕೇಳಿದರು.

“ಮೂವತ್ತೊಂದು.”

“ನಂದೂ ಅಷ್ಟೇ” ಎಂದು ಬೀಗ ಹಾಕಿ, ಕೊನೆಯವರಾಗಿ ಅಕ್ಕ ಹೊರಟರು.