ಹಿಂಪಡೆದ ಪ್ರಶ್ನೆ

ಗೌರಕ್ಕ, ನಿಮ್ಮ ಪ್ರಶ್ನೆ ವಿಧಾನಸಭೆಯಲ್ಲಿ ಬರದಂತೆ ಮಾಡಿದವಳು ನಾನು. ಸದನದಲ್ಲಿ ಕೇಳುವ ಪ್ರಶ್ನೆಗಳನ್ನು ಆರಿಸಲು ಚೀಟಿ ಎತ್ತಿದಾಗ ನಿಮ್ಮದು ಬರಲಿಲ್ಲ ಎಂದು ಆಗ ಹೇಳಿದ್ದೆ. ಸುಳ್ಳು. ಬಂದಿತ್ತು.

ರೋಗದ ಕಾಲಕ್ಕೆಂದು ಹೊರಡಿಸಿದ್ದ ತುರ್ತು ಆದೇಶ ಅದು — ಯಾವ ಕಟ್ಟಡಕ್ಕಾದರೂ ನೋಟಿಸು ಕೊಡದೆ ಬೀಗ ಹಾಕುವ ಅಧಿಕಾರ. ರೋಗ ಹೋಯಿತು, ಛತ್ರಗಳು ತುಂಬಿದವು, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮತ್ತೆ ಭುಜಕ್ಕೆ ಭುಜ ತಾಗಿತು. ಆದೇಶವನ್ನು ಮಾತ್ರ ಯಾರೂ ರದ್ದು ಮಾಡಲಿಲ್ಲ. ಕೆರೆಯ ಮಣ್ಣು ಸಾಗಿಸುತ್ತಿದ್ದ ಲಾರಿಗಳನ್ನು ನೀವು ತಡೆದಿರಿ. ಮರುವಾರ ಅದೇ ಆದೇಶ ತೋರಿಸಿ ನಿಮ್ಮ ಹುಳುಮನೆಗೆ ಬೀಗ ಜಡಿದರು. ಒಳಗಿದ್ದವು ಕೊನೆಯ ಜ್ವರ ಎದ್ದು ಪೊರೆ ಕಳಚಿದ ಹುಳುಗಳು, ಗೂಡು ಕಟ್ಟುವ ಮುನ್ನ ಎಷ್ಟು ಸೊಪ್ಪು ಹಾಕಿದರೂ ಸಾಲದವು. ನೀವು ಕಿಟಕಿಯ ನೊಣದ ಬಲೆಯ ಈಚೆ ಸೊಪ್ಪಿನ ಹೊರೆ ಹಿಡಿದು ನಿಂತಿದ್ದಿರಂತೆ. ಹುಳುಗಳೆಲ್ಲ ಸತ್ತು ನಾರಿದ ಮೇಲೂ ಬೀಗ ತೆಗೆಯಲಿಲ್ಲ.

ಆಗ ನೀವು ಶಾಸಕರ ಕಚೇರಿಗೆ ಬಂದಿರಿ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಆಗಷ್ಟೇ ಅಲ್ಲಿ ಸಹಾಯಕಿಯಾಗಿ ಸೇರಿದ್ದೆ.

"ರೋಗ ಹೋಯ್ತಲ್ಲಮ್ಮ, ಬೀಗ ಯಾಕೆ ಹೋಗ್ಲಿಲ್ಲ? ಓದಿದೋಳು ನೀನು, ಹೇಳು."

ಅದನ್ನೇ ಪ್ರಶ್ನೆಯಾಗಿ ಬರೆದೆ: ಆದೇಶ ಎಂದು ಕೊನೆಗೊಳ್ಳುತ್ತದೆ, ಅದಕ್ಕೆ ಸದನದ ಒಪ್ಪಿಗೆ ಇದೆಯೇ? ಸಚಿವರು ಎದ್ದುನಿಂತು ಎಲ್ಲರೆದುರು ಉತ್ತರಿಸಬೇಕಾಗುತ್ತಿತ್ತು. ಶಾಸಕರು ಖುಷಿಯಿಂದ ಸಹಿ ಹಾಕಿದರು.

ನಂತರ ಒಬ್ಬ ಅಧಿಕಾರಿಯ ಫೋನ್ ಬಂತು. "ಗೌರಿಬಿದನೂರಲ್ಲಿ ನಮ್ಮ ಇಲಾಖೇಲೇ ಅಲ್ವೇನಮ್ಮ ನಿಮ್ಮ ತಂದೆ ಇರೋದು? ಪಾಪ, ರಿಟೈರ್‌ಮೆಂಟ್ ಹತ್ರ ಬಂತು. ಹುಷಾರಾಗಿರಕ್ಕೆ ಹೇಳಮ್ಮ." ಪ್ರಶ್ನೆಯ ಮಾತನ್ನೇ ಆತ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ಕೆಲಸ ನಿಲ್ಲಬಾರದೆಂದು ಶಾಸಕರು ಖಾಲಿ ಲೆಟರ್‌ಹೆಡ್‌ಗಳಿಗೆ ಸಹಿ ಹಾಕಿ ನನ್ನ ಬಳಿ ಬಿಟ್ಟುಹೋಗುತ್ತಿದ್ದರು — ಆಸ್ಪತ್ರೆ, ಹಾಸ್ಟೆಲ್ ಶಿಫಾರಸುಗಳಿಗೆ. ಅಂಥದೊಂದರ ಮೇಲೆ 'ಪ್ರಶ್ನೆಯನ್ನು ಹಿಂಪಡೆಯುತ್ತಿದ್ದೇನೆ' ಎಂದು ಟೈಪ್ ಮಾಡಿ ಕಳಿಸಿದೆ. ಅವರನ್ನು ನಾನು ಕೇಳಲಿಲ್ಲ; ನನ್ನನ್ನು ಯಾರೂ ಕೇಳಲಿಲ್ಲ. ಕೇಳುವವರಿಲ್ಲದ ಅಧಿಕಾರ ಎಷ್ಟು ಸಲೀಸು ಎಂಬುದನ್ನು ಪಠ್ಯದಲ್ಲಿ ಓದಿದ್ದೆ, ಆ ದಿನ ಮಾಡಿ ನೋಡಿದೆ. ಶಾಸಕರಿಗೂ ನಿಮಗೂ ಚೀಟಿಯ ಕಥೆಯನ್ನೇ ಹೇಳಿದೆ.

ನೀವು ನಕ್ಕುಬಿಟ್ಟಿರಿ. "ಊರ ಚೀಟೀಲೇ ನಂಗೆ ಯಾವತ್ತೂ ಮೊದ್ಲು ಬಂದಿಲ್ಲ, ಇನ್ನು ಅಸೆಂಬ್ಲೀಲಿ ಬರ್ತದಾ? ನೀನ್ಯಾಕಮ್ಮ ಮುಖ ಸಣ್ಣಗ್ ಮಾಡ್ಕೊಂಡಿದೀಯ?" ಆ ಸಮಾಧಾನವನ್ನು ನಾನು ತೆಗೆದುಕೊಂಡೆ, ಗೌರಕ್ಕ. ತೆಗೆದುಕೊಂಡು ಮನೆಗೆ ಹೋಗಿ ಊಟ ಮಾಡಿದೆ.

ಅಪ್ಪ ಹಾರ ಹಾಕಿಸಿಕೊಂಡು ನಿವೃತ್ತರಾದರು. ಆದೇಶ ನಿವೃತ್ತವಾಗಲಿಲ್ಲ. ಈಚೆಗೆ ತೊಂಡೇಬಾವಿ ಕಡೆ ಒಂದು ಅಂಗಡಿಗೆ ಬೀಗ ಬಿತ್ತು; ಆಮೇಲೆ ಚಿಂತಾಮಣಿಯಲ್ಲಿ ಹೆಂಗಸರು ಸಭೆ ಸೇರುತ್ತಿದ್ದ ಒಂದು ಕೋಣೆಗೆ. ಈಗ ರೋಗದ ಹೆಸರನ್ನೂ ಹೇಳುವುದಿಲ್ಲ.

ನಮ್ಮ ಶಾಸಕರು ಈಗ ಸಚಿವರು. ನಿನ್ನೆ ಅವರ ಮುಂದೆ ಎಲ್ಲ ಒಪ್ಪಿಕೊಂಡೆ. ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದುಕೊಂಡಿದ್ದೆ — ಹಾಗೆಂದು ಆಸೆಪಟ್ಟಿದ್ದೆ. ಅವರು ಕನ್ನಡಕ ಒರೆಸುತ್ತಾ ಹೇಳಿದರು: "ಆಗಿದ್ದು ಒಳ್ಳೇದೇ ಆಯ್ತು ಬಿಡಮ್ಮ. ಆ ಆದೇಶ ಈಗ ನಮಗೂ ಬೇಕಾಗ್ತದೆ."

ಕೆಲಸ ಬಿಟ್ಟು ಬಂದಿದ್ದೇನೆ. ಅದರಿಂದ ನಿಮ್ಮ ಹುಳುಮನೆಯ ಬಾಗಿಲು ತೆರೆಯುವುದಿಲ್ಲ, ಗೊತ್ತು. ನೀವು ನ್ಯಾಯಾಲಯಕ್ಕೆ ಹೋಗುವುದಾದರೆ ನಾನು ಮಾಡಿದ್ದನ್ನು ಪ್ರಮಾಣ ಮಾಡಿ ಹೇಳುತ್ತೇನೆ. ಅಪ್ಪನಿಗೂ ಅಲ್ಲಿಯೇ ತಿಳಿಯಲಿ. ಸೋಮವಾರ ಸಾದಲಿ ಬಸ್ಸಿಗೆ ನಿಮ್ಮೂರಿಗೆ ಬರುತ್ತೇನೆ. ನನ್ನನ್ನು ಮನೆಯೊಳಗೆ ಕರೆಯಬೇಡಿ. ಅಂಗಳದಲ್ಲೇ, ನಾಲ್ಕು ಜನರ ಎದುರಿಗೆ ಹೇಳುತ್ತೇನೆ.