ನಲವತ್ತೇಳನೇ ಪುಟದ ಬಾವಿ

ಮಾಸ್ತರು ಮದುವೆಗೆ ಬಂದರೆ ಏನು ಉಡುಗೊರೆ ತಂದಿದ್ದಾರೆಂದು ಯಾರೂ ಬಿಚ್ಚಿ ನೋಡಬೇಕಾಗಿರಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ ಬಿಳಿ ದಾರ ಕಟ್ಟಿದ ಆ ಕಟ್ಟಿನಲ್ಲಿ ಅವರೇ ಬರೆದ ನಮ್ಮ ಸೀಮೆಯ ಇತಿಹಾಸದ ಪುಸ್ತಕ ಇರುತ್ತಿತ್ತು. ಸುರಪುರ, ಶಹಾಪುರ, ಯಾದಗಿರಿ ಕಡೆ ಅದೆಷ್ಟೋ ಹೊಸ ಜೋಡಿಗಳು ಮಿಕ್ಸಿ, ಗಡಿಯಾರ, ಸ್ಟೀಲಿನ ಕೊಡಗಳ ಜೊತೆಗೆ ಕೋಟೆ, ಬಾವಿ, ವೀರಗಲ್ಲುಗಳನ್ನೂ ಹೊತ್ತುಕೊಂಡು ಹೋಗಿ ಸಂಸಾರ ಹೂಡಿದರು. ನನ್ನ ಮದುವೆಗೂ ಒಂದು ಬಂತು. ಅಷ್ಟರಲ್ಲಿ ನಾನು ಅದನ್ನು ಓದಿ ಮುಗಿಸಿ, ಅದರ ನಲವತ್ತೇಳನೇ ಪುಟದ ಮೇಲೆ ಹಲ್ಲು ಕಡಿಯುತ್ತ ಕೂತಿದ್ದೆ.

ಸುರಪುರದ ಹೈಸ್ಕೂಲಿನಲ್ಲಿ ಅವರು ನನಗೆ ಇತಿಹಾಸ ಕಲಿಸಿದವರು. ಹಾಸ್ಟೆಲಿನಲ್ಲಿ ಉಳಿದು ಓದುತ್ತಿದ್ದ ನಮ್ಮಂಥವರನ್ನು ರವಿವಾರ ಮನೆಗೆ ಕರೆದು, ಅವಲಕ್ಕಿ ತಿನ್ನಿಸಿ, ಗುಡ್ಡ ಹತ್ತಿಸಿ ಕಲ್ಲು ತೋರಿಸುತ್ತಿದ್ದರು. ಗಿಡ್ಡ ಆಳು, ದಪ್ಪ ಗಾಜಿನ ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ. ಯಾವ ಊರಿಗೆ ಹೋದರೂ ಶಾಸನದ ಕಲ್ಲಿಗೆ ಹತ್ತಿರದ ಮನೆಯ ಬಾಗಿಲಲ್ಲಿ ನಿಂತು, "ಒಂದು ಹಿಡಿ ಜೋಳದ ಹಿಟ್ಟು ಕೊಡ್ರೆವಾ" ಎಂದು ಕೇಳುವುದು ಅವರ ಪದ್ಧತಿ. ಆ ಹಿಟ್ಟನ್ನು ಸವೆದ ಅಕ್ಷರಗಳ ಮೇಲೆ ತಿಕ್ಕಿದರೆ ಗೆರೆಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತಿದ್ದವು. ಅವರು ಓದಿ ಮುಗಿಸಿ ಹೋದ ಮೇಲೆ ಇರುವೆಗಳು ಬಂದು ಓದುತ್ತಿದ್ದವು.

ನನಗೆ ಮೇಷ್ಟ್ರ ನೌಕರಿ ಸಿಕ್ಕ ವರ್ಷ ಅವರು ಪುಸ್ತಕಕ್ಕಾಗಿ ಊರೂರು ಅಲೆಯುತ್ತಿದ್ದರು. ಶಹಾಪುರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಯ ನಮ್ಮ ಊರಿಗೂ ಬಂದರು. ನಮ್ಮೂರಲ್ಲಿ ಮೆಟ್ಟಿಲು ಕಟ್ಟಿದ ಹಳೆಯದೊಂದು ಬಾವಿಯಿದೆ. ಆಯಿ, ಅಂದರೆ ನನ್ನ ಅಪ್ಪನ ತಾಯಿ, ಹರೆಯದಲ್ಲಿದ್ದಾಗ ನಮ್ಮ ಮೂಡಣ ಕೇರಿಯವರು ಅದರ ಮೆಟ್ಟಿಲು ಇಳಿಯುವಂತಿರಲಿಲ್ಲ. ಮೇಲೆ ನಿಂತು ಕಾಯಬೇಕು. ಯಾರಾದರೂ ಮನಸ್ಸು ಮಾಡಿ ಸೇದಿ, ತಾಗದಂತೆ ಎತ್ತರದಿಂದ ನಮ್ಮ ಕೊಡಕ್ಕೆ ಸುರಿಯಬೇಕು. ನಲ್ಲಿ ಬಂದ ಮೇಲೆ ಆ ಬಾವಿ ಯಾರಿಗೂ ಬೇಡವಾಗಿ ಹೂಳು ತುಂಬಿಕೊಂಡಿತು.

ಮಾಸ್ತರು ನಮ್ಮ ಮನೆಯಲ್ಲಿ, ಬುದ್ಧನ ಪಟದ ಕೆಳಗೆ ಚಾಪೆಯ ಮೇಲೆ ಕೂತು ನೀರು ಕುಡಿದು, ನೋಟ್‌ಬುಕ್ ತೆರೆದರು. ಆಯಿ ಶುರು ಮಾಡಿದಳು.

"ಮಾಸ್ತರ, ಆ ಬಾವಿ ತೋಡಿಸಿದಾಕಿ ನಮ್ಮ ಮನಿಯಾಕಿ. ಭಾಳ ಹಿಂದಿನಾಕಿ. ಆಕಿ ಹೆಸರು ನಮ್ಮ ಮನ್ಯಾಗ ಒಬ್ಬಾಕಿಗಿ ಇಟ್ಟಕೋತನ ಬಂದೀವಿ. ಲಗ್ನದಾಗ ನನಗೂ ಅದ ಹೆಸರು ಇಟ್ರು, ಈ ಹುಡುಗಿಗೂ ಅದ ಹೆಸರು."

ಅದು ನಿಜ. ಅತ್ತೆಯ ಹೆಸರನ್ನು ಮಗಳಿಗೆ ಇಟ್ಟುಕೊಂಡ ತಪ್ಪಿಗೆ ನನ್ನ ಅವ್ವನಿಗೆ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಬಯ್ಯಲಾಗಲಿಲ್ಲ. ನನ್ನ ಮೇಲಿನ ಸಿಟ್ಟನ್ನೆಲ್ಲ ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಮಾಸ್ತರು ಎಲ್ಲವನ್ನೂ ಬರೆದುಕೊಂಡರು. ಕೊನೆಗೆ ಕೇಳಿದರು: "ಇದಕ್ಕ ಕಾಗದ ಏನರ ಅದಾವೇನವಾ?"

"ನಮಗ ಕಾಗದ ಯಾರ ಕೊಟ್ಟಾರೋ ಯಪ್ಪಾ," ಎಂದು ಆಯಿ ನಕ್ಕಳು.

ಕಾಗದ ಇದ್ದದ್ದು ಗೌಡರ ಮನೆಯಲ್ಲಿ. ನಿಜಾಮನ ಕಾಲದ ಉರ್ದು ಕಾಗದ, ಕಬ್ಬಿಣದ ಟ್ರಂಕಿನಲ್ಲಿ ಭದ್ರವಾಗಿತ್ತು. ಬಾವಿ ಗೌಡರ ಹಿರಿಯರದು ಎಂದು ಅದರಲ್ಲಿ ಬರೆದಿತ್ತು. ಮಾಸ್ತರಿಗೆ ಉರ್ದು ಓದಲು ಬರುತ್ತಿತ್ತು. ಮೊಹರು ಇರುವ ಕಾಗದದ ಮೇಲೆ ಅವರಿಗೆ ವಿಪರೀತ ನಂಬಿಕೆಯೂ ಇತ್ತು.

ಪುಸ್ತಕ ಅಚ್ಚಾಗಿ ಬಂತು. ನಾನು ಊರಿಗೆ ತಂದು ಆಯಿಗೆ ಓದಿ ಹೇಳಿದೆ. ಆಯಿಗೆ ಓದಲು ಬರುತ್ತಿರಲಿಲ್ಲ. ಸಾಕ್ಷರತಾ ತರಗತಿಗೆ ನಾಲ್ಕು ದಿನ ಹೋಗಿ, ತನ್ನ ಹೆಸರು ಬರೆಯುವುದನ್ನು ಕಲಿತು, "ಇಷ್ಟ ಸಾಕು, ಉಳದದ್ದು ನೀವು ಓದಿ ಹೇಳ್ರಿ" ಎಂದು ಪಾಟಿ ವಾಪಸು ಕೊಟ್ಟು ಬಂದವಳು. ನಲವತ್ತೇಳನೇ ಪುಟದಲ್ಲಿ ಒಂದೇ ಸಾಲಿತ್ತು: ಈ ಬಾವಿಯನ್ನು ಊರ ಗೌಡರ ಮನೆತನದವರು ತೋಡಿಸಿದರು.

"ನಾ ಹೇಳಿದ್ದು ಎಲ್ಲದ?" ಎಂದಳು ಆಯಿ.

ನಾನು ಹಿಂದಿನ ಪುಟ, ಮುಂದಿನ ಪುಟ ತಿರುವಿದೆ. ಎಲ್ಲೂ ಇರಲಿಲ್ಲ. ಆಯಿ ಮೊರ ತೆಗೆದುಕೊಂಡು ಜೋಳ ಹಸನು ಮಾಡುತ್ತ ಕೂತಳು. ನನಗಂತೂ ಮೈ ಉರಿದುಹೋಯಿತು. ಗೌಡರು ಹಾಗೆ ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಮ್ಮ ಮನೆಯ ನೀರು ಕುಡಿದವರು, ನನಗೆ ಅಕ್ಷರದ ರುಚಿ ಹತ್ತಿಸಿದವರು, ಆಯಿಯ ಮಾತನ್ನು ಎದುರಿಗೆ ಕೂತು ಬರೆದುಕೊಂಡು ಆಮೇಲೆ ಕೈಬಿಟ್ಟಿದ್ದರು. ಸುರಪುರದಲ್ಲೇ ಕೆಲಸ ಮಾಡುತ್ತಿದ್ದರೂ ಅವರ ಓಣಿಗೆ ಹೋಗುವುದನ್ನು ಬಿಟ್ಟೆ. ನನ್ನ ಮದುವೆಗೆ ಅವರು ಕರೆಯದೇ ಬಂದರು, ಆ ಕಟ್ಟನ್ನು ಹಿಡಿದುಕೊಂಡು.

ಕೆಲವು ವರ್ಷಗಳ ನಂತರ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿ ಕೆಲಸದಲ್ಲಿ ಬಾವಿಯ ಹೂಳು ತೆಗೆಸಿದರು. ಬುಟ್ಟಿ ಹೊತ್ತವರು ನಮ್ಮ ಕೇರಿಯ ಹೆಂಗಸರೇ. ಕೆಳಗಿನ ಮೆಟ್ಟಿಲುಗಳ ಹತ್ತಿರ, ಗೋಡೆಗೆ ಒರಗಿದಂತೆ, ಅಕ್ಷರ ಇರುವ ಒಂದು ಕಲ್ಲು ಸಿಕ್ಕಿತು. ನನಗೆ ಫೋನ್ ಬಂತು. ಸಿಟ್ಟು ಸಿಟ್ಟಾಗಿಯೇ ಇತ್ತು. ಆದರೆ ಈ ಮೂರು ತಾಲೂಕುಗಳಲ್ಲಿ ಆ ಕಲ್ಲು ಓದಬಲ್ಲವರು ಇನ್ಯಾರಿದ್ದಾರೆ? ಮಾಸ್ತರ ಮನೆಗೆ ಹೋದೆ. ಎಷ್ಟೋ ದಿನದ ಮೇಲೆ ಬಂದೆಯಲ್ಲ ಎಂದು ಅವರು ಕೇಳಲಿಲ್ಲ. ಚೀಲ ಹೆಗಲಿಗೇರಿಸಿ, "ನಡಿ ತಂಗಿ, ಬಸ್ಸಿಗಿ ಹೊತ್ತಾಗ್ತದ" ಎಂದರು.

ಆ ದಿನ ಹಿಟ್ಟು ಕೊಟ್ಟವಳು ಆಯಿ. ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬಾವಿಯ ಮೇಲೆ ನಿಂತಳು. ಯಾರೂ ತಡೆಯುವವರಿಲ್ಲದಿದ್ದರೂ ಅವಳ ಕಾಲು ಮೆಟ್ಟಿಲಿಗೆ ಇಳಿಯಲಿಲ್ಲ. ಕೆಳಗೆ ಮಾಸ್ತರು ಕೆಸರಿನಲ್ಲಿ ಮೊಣಕಾಲೂರಿ, ಕಲ್ಲು ತೊಳೆಸಿ, ಹಿಟ್ಟು ತಿಕ್ಕಿ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದರು. ಊರ ಮೂಡಣ ಕೇರಿಯವಳು, ತನ್ನವರನ್ನು ಕೂಡಿಸಿಕೊಂಡು ಬಾವಿ ತೋಡಿಸಿ, ಊರಿಗೆಲ್ಲ ಬಿಟ್ಟಳು. ಅಷ್ಟಾದ ಮೇಲೆ ಹೆಸರು ಬಂತು. ಮಾಸ್ತರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಅದು ಆಯಿಯ ಹೆಸರು. ನನ್ನ ಹೆಸರು.

ಕೇರಿಯ ಹೆಂಗಸರು ಬುಟ್ಟಿ ಇಳಿಸಿ ಮೇಲೆ ನೋಡಿದರು. ಮಾಸ್ತರು ಮೆಟ್ಟಿಲು ಹತ್ತಿ ಬಂದು, ಹಿಟ್ಟು ಮೆತ್ತಿದ ಎರಡೂ ಕೈ ಜೋಡಿಸಿ ಆಯಿಯ ಮುಂದೆ ನಿಂತರು.

"ನಾ ತಪ್ಪ ಬರದೀನವಾ. ನೀವು ಹೇಳಿದ್ದು ಖರೇ ಇತ್ತು. ಕಲ್ಲು ಹೇಳೂತನಕ ನಾ ನಂಬಲಿಲ್ಲ."

"ಕಲ್ಲಿಗಿ ಕೊಟ್ಟ ಮರ್ಯಾದಿ ನನಗ ಕೊಡಲಿಲ್ಲಲ್ಲ ಮಾಸ್ತರ," ಎಂದಳು ಆಯಿ.

ಅವರು ತಲೆ ತಗ್ಗಿಸಿದರು. ಒಬ್ಬ ದೊಡ್ಡ ಮನುಷ್ಯ ಅಷ್ಟು ಜನರೆದುರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಸಿಟ್ಟು ಅಲ್ಲೇ ಇಳಿಯಿತು ಎಂದರೆ ಸುಳ್ಳಾದೀತು. ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು ಬಸ್ಸುಗಳಲ್ಲಿ. ಪುಸ್ತಕವನ್ನು ತಿದ್ದಿ ಮತ್ತೆ ಅಚ್ಚು ಮಾಡಿಸಿದರಾಯಿತು ಎಂದು ನಾನು ಹೇಳಿದ್ದೆ. ಮಾಸ್ತರು ಒಪ್ಪಲಿಲ್ಲ. "ಹೊಸಾ ಪುಸ್ತಕ ಹೊಸಬರು ಓದತಾರ. ನಾ ಸುಳ್ಳ ಹೇಳಿದ್ದು ಹಳಬರಿಗಿ. ಅವರ ಮನಿಗೇ ಹೋಗಬೇಕು." ಯಾರ ಮನೆಗೆ ಎಂದು ಗೊತ್ತಾಗುವುದು ಹೇಗೆ? ಅವರು ಅಟ್ಟದಿಂದ ಒಂದು ಡಬ್ಬಿ ಇಳಿಸಿದರು. ಪುಸ್ತಕ ಉಡುಗೊರೆ ಕೊಟ್ಟ ಮದುವೆಗಳ ಲಗ್ನಪತ್ರಿಕೆಗಳೆಲ್ಲ ಅದರಲ್ಲಿದ್ದವು.

ಅಲ್ಲಿಂದ ಮೂರು ನಾಲ್ಕು ವರ್ಷ, ಬಿಡುವಾದ ರವಿವಾರಗಳಲ್ಲಿ ನಾನೂ ಅವರೂ ಲಗ್ನಪತ್ರಿಕೆ ಹಿಡಿದು ಹಳೇ ಮದುಮಕ್ಕಳನ್ನು ಹುಡುಕುತ್ತ ಹೋದೆವು. ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನಲ್ಲಿ ಒಂದು ಪ್ರತಿ ಮಂಚದ ಕಾಲಿನ ಕೆಳಗೆ ಸಿಕ್ಕಿತು. ಹತ್ತಿಕುಣಿಯಲ್ಲಿ ಒಂದಕ್ಕೆ ಕಟ್ಟಿದ ದಾರವನ್ನೇ ಬಿಚ್ಚಿರಲಿಲ್ಲ. ಮದುಮಗಳು ಆಗಲೇ ಮೂರು ಮಕ್ಕಳ ತಾಯಿ. ದೋರನಹಳ್ಳಿಯಲ್ಲಿ ಒಬ್ಬಾಕೆ ಅದನ್ನು ದೇವರ ಜಗಲಿಯ ಮೇಲಿಟ್ಟು ದಿನಾ ಕುಂಕುಮ ಹಚ್ಚುತ್ತಿದ್ದಳು. "ಓದೀರೇನವಾ?" ಎಂದು ಮಾಸ್ತರು ಆಸೆಯಿಂದ ಕೇಳಿದರೆ, "ಇಲ್ರಿ, ಪೂಜಿ ಮಾಡೀನ್ರಿ" ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ನಕ್ಕೂ ನಕ್ಕೂ ಸುಸ್ತಾದೆ. ಅವರೂ ನಕ್ಕರು.

ತಿದ್ದುವುದಕ್ಕೆ ಅವರದೇ ಕಟ್ಟಳೆಯಿತ್ತು. ಹಳೆಯ ಸಾಲಿನ ಮೇಲೆ ಒಂದೇ ಗೆರೆ ಎಳೆಯಬೇಕು. ಕೆಳಗಿನ ಅಕ್ಷರ ಓದಲು ಬರಬೇಕು. "ತಪ್ಪು ಕಾಣಬೇಕು ತಂಗಿ. ಮುಚ್ಚಿದರ ಅದು ಇನ್ನೊಂದು ತಪ್ಪು." ಮೇಲೆ ಸರಿಯಾದ ಸಾಲು, ಅದರಲ್ಲಿ ಆಕೆಯ ಹೆಸರು, ಪಕ್ಕದಲ್ಲಿ ತಮ್ಮ ಸಹಿ, ಸಾಕ್ಷಿಯಾಗಿ ಮನೆಯವರ ಸಹಿ.

ಒಂದು ಪ್ರತಿ ಮಾತ್ರ ಸಿಗಲಿಲ್ಲ. ಅದು ನಮ್ಮೂರಿನದೇ, ಗೌಡರ ಮನೆಯದು. ನನ್ನದನ್ನು ಬಿಟ್ಟರೆ ಊರಲ್ಲಿ ಆ ಪುಸ್ತಕ ಇದ್ದದ್ದು ಅವರಲ್ಲಿ ಮಾತ್ರ. ಬಂದವರಿಗೆಲ್ಲ ಅವರು ಆ ಪುಟ ತೆಗೆದು ತೋರಿಸುತ್ತಿದ್ದರು. ಮಾಸ್ತರು ಮೂರು ಸಲ ಹೋದರು. ಮೂರು ಸಲವೂ ಗೌಡರು ಚಹಾ ಕುಡಿಸಿ, ಪುಸ್ತಕ ಎಲ್ಲೋ ಸೇರಿಬಿಟ್ಟಿದೆ, ಸಿಗುತ್ತಿಲ್ಲ ಎಂದರು.

ಆಯಿಗೆ ಬೇಕಾಗಿದ್ದದ್ದು ಅದೊಂದೇ ಪ್ರತಿ. ನಾವು ತಿದ್ದಿ ಬಂದ ಊರುಗಳ ಹೆಸರು ಹೇಳಿದರೆ, "ಯಾದಗಿರಿಯಾಗ ತಿದ್ದಿ ಏನ ಮಾಡೂದದ? ನನ್ನ ಕೊಡ ಖಾಲಿ ನಿಂತಿದ್ದು ಈ ಊರಾಗ," ಎನ್ನುತ್ತಿದ್ದಳು. ಅವಳಿಗೆ ಎಂಬತ್ತು ದಾಟಿತ್ತು. ಅದನ್ನು ನೋಡದೆ ಹೋಗಿಬಿಟ್ಟಾಳು ಎಂಬ ಭಯ ನನ್ನನ್ನು ಬಿಡುತ್ತಿರಲಿಲ್ಲ.

ಹೋದವರು ಮಾಸ್ತರು. ಮೊದಲು ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನೋಡಲು ಹೋದಾಗಲೆಲ್ಲ ಎಡಗೈಯಲ್ಲಿ ಪೆನ್ಸಿಲ್ ಹಿಡಿದು, ಒಂದನೇ ತರಗತಿಯ ಕೂಸಿನ ಹಾಗೆ ಅ ಆ ಇ ಈ ತಿದ್ದುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಸುರಪುರದ ಅರ್ಧ ಪೇಟೆ ಅಂಗಡಿ ಮುಚ್ಚಿ ಬಂದಿತ್ತು. ನನಗೆ ಅಪ್ಪ ಹೋದಾಗಲೂ ಅಷ್ಟು ಅಳು ಬಂದಿರಲಿಲ್ಲ.

ದಿನಕರ್ಮ ಮುಗಿದ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿ ಒಂದು ನೋಟ್‌ಬುಕ್ಕು, ಒಂದು ಲಕೋಟೆ ಕೊಟ್ಟರು. "ಇದು ನಿನಗ ಅಂತ ಹೇಳಿದ್ರು ನೋಡವಾ. ಎಡಗೈ ಕಲ್ತದ್ದು ಇದರ ಸಲುವಾಗೇ." ನೋಟ್‌ಬುಕ್ಕಿನಲ್ಲಿ ಆಯಿ ಅಂದು ಹೇಳಿದ ಮಾತು ಒಂದಕ್ಷರ ಬಿಡದೆ ಇತ್ತು. ಅದರ ಕೆಳಗೆ ಅವರ ಹಳೆಯ ದುಂಡು ಅಕ್ಷರದಲ್ಲಿ 'ಸಾಕ್ಷಿ ಇಲ್ಲ' ಎಂದಿತ್ತು. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದರು: 'ಹೇಳಿದವರೇ ಸಾಕ್ಷಿ.'

ಮರುವಾರ ನಾನು ಆಯಿಯನ್ನು ಕರೆದುಕೊಂಡು ಗೌಡರ ಮನೆಗೆ ಹೋದೆ. ಅವರೂ ಹಣ್ಣಾದ ಮುದುಕರು. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಯಿ ಕಟ್ಟೆಯ ಕೆಳಗೇ ನಿಂತಳು. ನಾನು ಬಂದ ಕೆಲಸ ಹೇಳಿದೆ. ಈ ಸಲ ಅವರು ಪುಸ್ತಕ ಸಿಗುತ್ತಿಲ್ಲ ಎನ್ನಲಿಲ್ಲ.

"ಮಾಸ್ತರ ಬರದದ್ದು ಮಾಸ್ತರ ತಿದ್ದಬೇಕು. ಅವರಂತೂ ಹೋದರು. ನೀ ಯಾರವಾ ತಿದ್ದಾಕ?"

ನಾನು ಲಕೋಟೆ ಕೊಟ್ಟೆ. ಗೌಡರು ಕನ್ನಡಕ ಏರಿಸಿ, ಆ ಸೊಟ್ಟ ಅಕ್ಷರಗಳನ್ನು ತಡವರಿಸಿ ಓದಿದರು. ಮೂರೇ ಸಾಲು. ನಲವತ್ತೇಳನೇ ಪುಟದಲ್ಲಿ ಬರೆದದ್ದು ತಪ್ಪು. ತಪ್ಪು ನನ್ನದು, ಗೌಡರದಲ್ಲ. ಬಾವಿ ತೋಡಿಸಿದವಳ ಹೆಸರಿನವರು ತಿದ್ದಿದರೆ ನಾನೇ ತಿದ್ದಿದ ಹಾಗೆ.

ಎರಡನೇ ಸಾಲಿನ ಮೇಲೆ ಅವರ ಬೆರಳು ಬಹಳ ಹೊತ್ತು ನಿಂತಿತು. ತನ್ನನ್ನು ಊರೆಲ್ಲ ಸುಳ್ಳುಗಾರ ಎಂದೀತು ಎಂಬ ಅಂಜಿಕೆ ಆ ಮನುಷ್ಯನಿಗೆ ಇಷ್ಟು ವರ್ಷ ಇತ್ತೇನೋ. ನನಗೆ ಅದು ಹೊಳೆದಿರಲಿಲ್ಲ, ಮಾಸ್ತರಿಗೆ ಹೊಳೆದಿತ್ತು.

"ಪುಸ್ತಕ ತಗೊಂಬಾರವಾ," ಎಂದು ಗೌಡರು ಒಳಗೆ ಸೊಸೆಗೆ ಕೂಗಿದರು. ವರ್ಷಗಟ್ಟಲೆ ಸಿಗದ ಪುಸ್ತಕ ಅವರ ಕುರ್ಚಿಯ ಹಿಂದಿನ ಗೋಡೆಯ ಮಾಡದಲ್ಲೇ ಇತ್ತು.

ನಾನು ಮೇಜಿನ ಮೇಲಿಟ್ಟು ಹಳೆಯ ಸಾಲಿಗೆ ಒಂದೇ ಗೆರೆ ಎಳೆದೆ. ಮೇಲೆ ಬರೆದೆ: ಈ ಬಾವಿಯನ್ನು ತೋಡಿಸಿ ಊರಿಗೆಲ್ಲ ಬಿಟ್ಟವಳು ಮೂಡಣ ಕೇರಿಯ. ಅಲ್ಲಿಗೆ ಪೆನ್ನು ಎತ್ತಿದೆ. ಮುಂದೆ ಬೇಕಾದದ್ದು ಒಂದೇ ಒಂದು ಪದ, ಮತ್ತು ಆ ಒಂದು ಪದವನ್ನು ಬರೆಯಲು ಆಯಿಗೆ ಬರುತ್ತಿತ್ತು.

"ಆಯಿ, ಬಾ. ನಿನ್ನ ಹೆಸರು ಬರಿ."

ಅವಳು ಕಟ್ಟೆಯ ಕೆಳಗಿನಿಂದ ಗೌಡರ ಮುಖ ನೋಡಿದಳು. ಗೌಡರು ಕುರ್ಚಿಯಿಂದ ಎದ್ದರು.

"ಮ್ಯಾಲ ಬರ್ರಿ. ಕೂತು ಬರೀರಿ," ಎಂದರು.

ಆಯಿ ಮೆಟ್ಟಿಲು ಹತ್ತಿದಳು. ಗೌಡರ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕೈ ಒರೆಸಿಕೊಂಡು, ಪೆನ್ನನ್ನು ಕುಡುಗೋಲಿನ ಹಾಗೆ ಮುಷ್ಟಿಯಲ್ಲಿ ಹಿಡಿದು ಬರೆದಳು. ಅಕ್ಷರಗಳು ದಪ್ಪಗಾಗಿ ಅಂಚಿನವರೆಗೂ ಹೋದವು. ಗೌಡರು ನಾನು ಕೇಳುವ ಮೊದಲೇ ಪೆನ್ನು ಇಸಿದುಕೊಂಡು ಕೆಳಗೆ ಸಾಕ್ಷಿ ಸಹಿ ಹಾಕಿದರು.

"ಈಗ ಓದು," ಎಂದಳು ಆಯಿ. "ಓಣಿಗಿ ಕೇಳೂವಂಗ ಓದು."

ಬಾವಿಯೊಳಗೆ ಮಾಸ್ತರು ಓದಿದ ಹಾಗೆ, ಒಂದೊಂದೇ ಅಕ್ಷರ ಕೂಡಿಸಿ, ಕೊನೆಯ ಹೆಸರಿನ ತನಕ ಗಟ್ಟಿಯಾಗಿ ಓದಿದೆ.