ಉಡಿಗಾಲದ ಸೀಮಂತಕ್ಕೆ ಹೋಗಿ ಆಸ್ಪತ್ರೆ ಕಂಡದ್ದು

ಕೊರೊನಾದ ಎರಡನೇ ಅಲೆ ಇಳಿಯುತ್ತಿತ್ತು, ಬಸ್ಸುಗಳು ಆಗಷ್ಟೇ ಮತ್ತೆ ಓಡತೊಡಗಿದ್ದವು. ಬೆಳಿಗ್ಗೆ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿದಾಗ ಗೋಪಾಲಸ್ವಾಮಿ ಬೆಟ್ಟ ಮೋಡದಲ್ಲಿ ಮುಳುಗಿತ್ತು, ಸಣ್ಣಗೆ ತುಂತುರು. ತಂಗಿ ಸವಿತಾಳಿಗೆ ಏಳು ತಿಂಗಳು. ಉಡಿಗಾಲದ ಗಂಡನ ಮನೆಯಲ್ಲಿ ಸೀಮಂತ. ನನ್ನ ಚೀಲದಲ್ಲಿ ತಂಬಿಟ್ಟು, ಚಕ್ಕುಲಿ, ಹಸಿರು ಬಳೆ. ಪಕ್ಕದ ಸೀಟು ಖಾಲಿ ಬಿಡಬೇಕೆಂಬ ನಿಯಮವನ್ನು ತೆರಕಣಾಂಬಿಯವರೆಗೆ ಎಲ್ಲರೂ ಪಾಲಿಸಿದರು, ಆಮೇಲೆ ಯಾರೂ ಪಾಲಿಸಲಿಲ್ಲ. ನಾನು ಕಿಟಕಿ ತೆರೆದೇ ಇಟ್ಟೆ.

ಉಡಿಗಾಲ ತಲುಪಿದಾಗ ಸವಿತಾ ಆಗಲೇ ಹಸೆಯ ಮೇಲೆ ಕೂತಿದ್ದಳು. ಕೆಲವು ದಿನದ ಹಿಂದೆ ನೆಗಡಿ, ಜ್ವರ ಬಂದಿತ್ತಂತೆ. ಮಳೆಯಲ್ಲಿ ನೆಂದದ್ದಕ್ಕೆ ಎಂದು ಮನೆಯವರು ಸುಮ್ಮನಿದ್ದರು. ಮನೆಮಟ್ಟಿಗೆ ಕೆಲವೇ ಹೆಂಗಸರು ಸೇರಿ ಬಳೆ ತೊಡಿಸಿ, ಮಡಿಲು ತುಂಬಿ, ಗಂಡನ ಹೆಸರು ಹೇಳಿಸುವ ಶಾಸ್ತ್ರಕ್ಕೆ ಬಂದರು. ಪದ ಕಟ್ಟಿ ಹೇಳಬೇಕು, ಹೇಳುವವರೆಗೆ ಏಳಲು ಬಿಡುವುದಿಲ್ಲ. ಸವಿತಾ ಎರಡು ಮಾತು ಆಡಿ ನಿಲ್ಲಿಸಿದಳು. ಮತ್ತೆ ಶುರು ಮಾಡಿ ಮತ್ತೆ ತಲೆ ತಗ್ಗಿಸಿದಳು. ನಾಚಿಕೆ ನೋಡು ಎಂದು ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಆದರೆ ನನ್ನ ತಂಗಿಗೆ ನಾಚಿಕೆಯೇ? ಮದುವೆಯಾದ ಮರುದಿನವೇ ಗಂಡನನ್ನು ‘ಮಾದೇಶ’ ಎಂದು ಬೀದಿಗೆ ಕೇಳುವಂತೆ ಕೂಗಿ ಅತ್ತೆಯಿಂದ ಬೈಸಿಕೊಂಡವಳು. ಹತ್ತಿರ ಹೋಗಿ ಬಗ್ಗಿ ನೋಡಿದೆ. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು.

“ಉಸ್ರು ಸಾಲ್ದು ಕಣಕ್ಕ,” ಎಂದಳು. ಅಷ್ಟು ಹೇಳಲೂ ನಡುವೆ ನಿಲ್ಲಬೇಕಾಯಿತು.

ಆಸ್ಪತ್ರೆಗೆ ಹೋಗೋಣ ಎಂದೆ. ಅರ್ಧ ಶಾಸ್ತ್ರದಲ್ಲಿ ಹಸೆಯಿಂದ ಎಬ್ಬಿಸಲು ಅವಳ ಅತ್ತೆ ಒಪ್ಪಲಿಲ್ಲ. “ಏಳ್ ತಿಂಗ್ಳ ಬಸ್ರಿಗೆ ಏದುಸ್ರು ಇರ್ದಾ ಕಣವ್ವ? ಆಸ್ಪತ್ರೆಗೋದ್ರೆ ಇಲ್ದಿರೋ ಜಡ್ಡೂ ಅಂಟ್ಕತದೆ,” ಎಂದರು. ತಪ್ಪು ಅವರೊಬ್ಬರದಲ್ಲ, ಬಸುರಿಯ ಏದುಸಿರು ನಮ್ಮ ಕಡೆ ಯಾರಿಗೂ ಕಾಯಿಲೆಯಾಗಿ ಕಾಣುವುದಿಲ್ಲ. ನಾನು ಜಗಳಕ್ಕೆ ನಿಲ್ಲದೆ ಸವಿತಾಳ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದೆ. ತುಟಿ ನೀಲಿಗಟ್ಟಿದ್ದು ಕಂಡದ್ದೇ ಆ ಹೆಂಗಸು ಬದಲಾದರು. “ಶಾಸ್ತ್ರ ಆಮೇಕ್ ಮಾಡನ ಬುಡು, ಮೊದ್ಲು ಕರ್ಕೊಂಡೋಗು,” ಎಂದು ತಾವೇ ಸೊಸೆಯ ಚಪ್ಪಲಿ ತಂದಿಟ್ಟರು.

ಪಕ್ಕದ ಮನೆಯವರ ವ್ಯಾನಿನಲ್ಲಿ ಚಾಮರಾಜನಗರಕ್ಕೆ ಹೊರಟೆವು. ಮಲಗಿದರೆ ಉಸಿರು ಕಟ್ಟುತ್ತಿತ್ತು, ನನಗೆ ಒರಗಿ ಕೂತೇ ಬಂದಳು. ಮುಂದೆ ಕೂತ ಮಾದೇಶ ತಿರುತಿರುಗಿ ನೋಡುತ್ತಿದ್ದ. ಆ ದಾರಿಯ ಒಂದು ಮರವೂ ನನಗೆ ನೆನಪಿಲ್ಲ, ಅಷ್ಟು ಹೆದರಿದ್ದೆ. ಆಸ್ಪತ್ರೆಯಲ್ಲಿ ಬೆರಳಿಗೆ ಕ್ಲಿಪ್ ಹಾಕಿ ನೋಡಿದ ನರ್ಸ್ ಕೂಡಲೇ ಆಕ್ಸಿಜನ್ ಕೊಟ್ಟರು. ಕೊರೊನಾ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿದೆ, ಇನ್ನೂ ತಡ ಮಾಡಿದ್ದರೆ ತಾಯಿ ಮಗು ಇಬ್ಬರಿಗೂ ಕಷ್ಟವಿತ್ತು, ಈಗ ಧೈರ್ಯವಾಗಿರಿ ಎಂದರು ಡಾಕ್ಟರಮ್ಮ. ಅವಳನ್ನು ಎಡಮಗ್ಗುಲಿಗೆ ಮಲಗಿಸಿ ನಮ್ಮನ್ನು ಹೊರಗೆ ಕಳಿಸಿದರು. ನಮ್ಮೆಲ್ಲರ ಮೂಗಿಗೂ ಕಡ್ಡಿ ಹಾಕಿ ನೋಡಿದರು, ಯಾರಿಗೂ ಕೊರೊನಾ ಇಲ್ಲವೆಂದು ಬಂತು.

ಚಿಕ್ಕಮ್ಮನ ಮನೆ ಅದೇ ಊರಲ್ಲಿತ್ತು, ಅಲ್ಲೇ ಉಳಿದೆ. ಚಿಕ್ಕಮ್ಮ ಬಿಸಿಬಿಸಿ ಇಡ್ಲಿ ಇಟ್ಟರೂ ನನ್ನ ಕಣ್ಣು ಫೋನಿನ ಮೇಲೆಯೇ ಇರುತ್ತಿತ್ತು. ಸವಿತಾ ಫೋನಿನಲ್ಲಿ ಮೊದಮೊದಲು ಬರೀ ಹ್ಞೂಗುಟ್ಟುತ್ತಿದ್ದಳು. ಒಂದು ಬೆಳಿಗ್ಗೆ ಮುದ್ದೆ, ಉಪ್ಸಾರು ತಿನ್ನಬೇಕು ಅನ್ನಿಸುತ್ತಿದೆ ಎಂದಳು. ಅದನ್ನು ಮಾದೇಶನಿಗೆ ಹೇಳಿದೆ. ಆಸ್ಪತ್ರೆಯ ಗೇಟಿನ ಬಳಿ ನಿಂತೇ ಅತ್ತುಬಿಟ್ಟ.

ಎರಡು ವಾರ ಕಳೆದ ಮೇಲೆ ಮನೆಗೆ ಬಿಟ್ಟರು. ಸೊರಗಿದ್ದಳು, ನಾಲ್ಕು ಹೆಜ್ಜೆಗೆ ಸುಸ್ತಾಗುತ್ತಿದ್ದಳು. ಉಡಿಗಾಲದ ದಾರಿಯಲ್ಲಿ ಇದ್ದಕ್ಕಿದ್ದಂತೆ ಗಾಡಿ ನಿಲ್ಲಿಸಿ ಎಂದಾಗ ನಾನು ಮೊದಲು ನೋಡಿದ್ದು ಅವಳ ತುಟಿಯನ್ನು.

“ಏನೂ ಆಗಿಲ್ಲ ಕಣಕ್ಕ. ಗಾಡಿ ಕುಲುಕಾಟದಲ್ಲಿ ನಿಂಗೆ ಗೊತ್ತಾಗಲ್ಲ ಅಂತ ನಿಲ್ಸ್‌ದೆ,” ಎಂದು ನನ್ನ ಕೈಯನ್ನು ಹೊಟ್ಟೆಯ ಮೇಲೆ ಒತ್ತಿ ಹಿಡಿದಳು.

ಡ್ರೈವರ್ ಎಂಜಿನ್ ಆರಿಸಿದ. ಅಂಗೈಗೆ ಒಳಗಿನಿಂದ ಒಂದು ಒದೆ ಬಿತ್ತು, ಹಿಂದೆಯೇ ಇನ್ನೊಂದು. ಗುಂಡ್ಲುಪೇಟೆಗೆ ನನ್ನ ಬಸ್ಸಿನ ಹೊತ್ತು ಮೀರುತ್ತಿತ್ತು. ನಾನು ಕೈ ತೆಗೆಯದೆ ಮೂರನೆಯ ಒದೆಗೆ ಕಾದೆ.